ಕಮಲಾಪುರದ ಜೋಡಿ ಕ್ಯೂ

ಆ ಕ್ಯೂ ನನ್ನ ಕೋಣೆಗೆ ಬಂದದ್ದು ಹಳೆಯ ಟವೆಲ್ಲಿನಲ್ಲಿ ಸುತ್ತಿಕೊಂಡು. ಸ್ನೂಕರ್ ಆಟಗಾರರು ಚೆಂಡು ಹೊಡೆಯುವ ತಮ್ಮ ಕೋಲನ್ನು, ಅಂದರೆ ಕ್ಯೂ ಅನ್ನು, ಕೇಸು ಬಿಟ್ಟು ಬೇರೆ ಯಾವುದರಲ್ಲೂ ತರುವುದಿಲ್ಲ. ಒಳಗಿರುವುದು ಬರೀ ತುದಿಯ ಚರ್ಮದ ಟಿಪ್ ಬದಲಿಸುವ ಕೆಲಸವಲ್ಲ ಎಂದು ಟವೆಲ್ ಬಿಚ್ಚುವ ಮೊದಲೇ ಗೊತ್ತಾಯಿತು.

ತಂದವರು ಕಲಬುರಗಿಯ ಕೋಟೆ ಕಡೆಯವರು. ನಲವತ್ತು ದಾಟಿರಬಹುದು. ನಮ್ಮ ಭಾಗದಿಂದ ರಾಜ್ಯ ತಂಡದವರೆಗೆ ಹೋಗಿಬಂದ ಕೆಲವೇ ಆಟಗಾರರಲ್ಲಿ ಒಬ್ಬರು. ಊರಿನ ಉಳಿದ ಆಟಗಾರರೆಲ್ಲ ಒಂದಿಲ್ಲೊಂದು ರಿಪೇರಿಗೆ ಖೂಬಾ ಪ್ಲಾಟಿನ ನಮ್ಮ ಮನೆಯ ಹಿಂದಿರುವ ಈ ತಗಡಿನ ಕೋಣೆಗೆ ಬರುತ್ತಾರೆ. ಇವರು ಎಂದೂ ಬಂದಿರಲಿಲ್ಲ. ಟಿಪ್ ಕೂಡ ತಾವೇ ಹಚ್ಚಿಕೊಳ್ಳುತ್ತಾರೆ, ಕ್ಯೂ ಯಾರ ಕೈಗೂ ಕೊಡುವುದಿಲ್ಲ ಎಂದು ಕೇಳಿದ್ದೆ.

"ಗಾಡ್ಯಾಗ ಮರ್ತಿದ್ದೆ ಮೇಡಂ," ಎಂದರು. "ಮಧ್ಯಾನದ ಬಿಸಲು. ಸಂಜಿಗಿ ಒಂದು ಜೋರ್ ಹೊಡತ ಹೊಡದೆ, ಹಿಂಗಾತು."

ಕ್ಯೂ ಎರಡು ತುಂಡುಗಳದ್ದು, ನಡುವೆ ಹಿತ್ತಾಳೆಯ ತಿರುಪು. ಹಿಂದಿನ ಅರ್ಧವಾದ ಬಟ್ ಕರಿಮರದ್ದು. ಅದಕ್ಕೆ ಏನೂ ಆಗಿರಲಿಲ್ಲ. ಮುಂದಿನ ಅರ್ಧ, ಅಂದರೆ ಶಾಫ್ಟ್, ಆ್ಯಶ್ ಮರದ್ದು. ಅದು ತುದಿಯ ಹಿತ್ತಾಳೆ ಬಳೆಯಿಂದ ತಿರುಪಿನ ಹತ್ತಿರದವರೆಗೆ ಉದ್ದಕ್ಕೆ ಸೀಳಿತ್ತು. ಬೆರಳಿಟ್ಟು ಒತ್ತಿದರೆ ಸೀಳು ಬಾಯಿ ಮುಚ್ಚುತ್ತಿತ್ತು, ಬಿಟ್ಟರೆ ತೆರೆಯುತ್ತಿತ್ತು.

ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು. "ಹೊಸಾದು ತಗೋರಿ ಅನ್ಬ್ಯಾಡ್ರಿ. ಮುಂದಿನ ತಿಂಗಳ ಬೆಂಗಳೂರಾಗ ರಾಜ್ಯದ ಸೆಲೆಕ್ಷನ್ ಅದ. ಈ ಸಲ ಹೆಸರು ಬರ್ಲಿಲ್ಲಂದ್ರ ಮುಂದ ನನ್ನ ಯಾರೂ ಕರಿಯಂಗಿಲ್ಲ. ಸಣ್ಣ ಹುಡುಗ್ರು ಬಂದಾರ, ನಿದ್ದಿ ಮಾಡದೆ ಆಡ್ತಾರ. ಹೊಸಾ ಕ್ಯೂ ನನ್ನ ಕೈಗಿ ಕೂಡ್ಲಾಕ ವರ್ಷ ಬೇಕು."

"ಜೋಡಿಸಿ ನೋಡ್ತೀನ್ರಿ," ಎಂದೆ. ಆಗುತ್ತದೆ ಎಂದು ಹೇಳಲಿಲ್ಲ.

ಸೀಳಿದ ಶಾಫ್ಟ್ ಜೋಡಿಸುವ ಕ್ರಮ ಸರಳ. ಸೀಳಿನೊಳಗಿನ ಹಳೆಯ ಎಣ್ಣೆಯನ್ನು ಸ್ಪಿರಿಟ್ಟಿನಿಂದ ತೆಗೆಯಬೇಕು, ತೆಳುವಾದ ಅಂಟನ್ನು ಸೂಜಿಯಿಂದ ಆಳಕ್ಕೆ ಇಳಿಸಬೇಕು, ನೇರವಾದ ಕಬ್ಬಿಣದ ಪಟ್ಟಿಗೆ ಬಿಗಿದು ಒಣಗಲು ಬಿಡಬೇಕು. ಹಾಗೆಯೇ ಮಾಡಿದೆ. ಬಿಗಿತ ಬಿಚ್ಚಿದ ಬೆಳಿಗ್ಗೆ ಶಾಫ್ಟನ್ನು ನನ್ನ ಪಾಲಿಶ್ ಮಾಡಿದ ಶಹಾಬಾದ ಕಲ್ಲಿನ ಮೇಲೆ ಉರುಳಿಸಿದೆ. ಕ್ಯೂ ನೇರವಾಗಿದೆಯೋ ಇಲ್ಲವೋ ಎಂದು ನಾವು ನೋಡುವುದೇ ಹಾಗೆ. ಬಾಗಿದ್ದರೆ ಉರುಳುವಾಗ ಕುಣಿಯುತ್ತದೆ, ಕಲ್ಲಿಗೂ ಮರಕ್ಕೂ ನಡುವೆ ಬೆಳಕು ಕಾಣುತ್ತದೆ. ಇದು ಸದ್ದಿಲ್ಲದೆ ಉರುಳಿತು. ಬೆಳಕು ಕಾಣಲಿಲ್ಲ.

ಅದೇ ಮಧ್ಯಾಹ್ನ ಕರೆಂಟ್ ಹೋಯಿತು. ಫ್ಯಾನ್ ನಿಂತ ಮೇಲೆ ತಗಡಿನ ಕೆಳಗೆ ಕೂತು ಬೇರೆಯವರ ಕ್ಯೂಗೆ ಅಗಸೆ ಎಣ್ಣೆ ಹಚ್ಚುತ್ತಿದ್ದೆ. ಹಿಂದಿನಿಂದ ಒಂದು ಸದ್ದು ಬಂತು. ದೂರದ ಮೇಜಿನ ಮೇಲೆ ಎರಡು ಚೆಂಡು ಮೆಲ್ಲಗೆ ತಾಗಿದ ಹಾಗೆ. ತಿರುಗಿ ನೋಡಿದರೆ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮತ್ತೊಮ್ಮೆ. ಸದ್ದು ಬರುತ್ತಿದ್ದದ್ದು ಗೋಡೆಗೆ ಮಲಗಿಸಿದ್ದ ಆ ಶಾಫ್ಟಿನಿಂದ. ಎತ್ತಿ ನೋಡಿದೆ. ನಾನು ಮುಚ್ಚಿದ್ದ ಸೀಳು ಒಂದು ಕೂದಲಿನಷ್ಟು ತೆರೆದಿತ್ತು.

ಒಣಗಿದ ಮರ ಬಿಸಿಗೆ ಚಿಟ್ ಎನ್ನುತ್ತದೆ. ಒಳಗೆ ಉಳಿದ ಎಣ್ಣೆ ಅಂಟನ್ನು ಹಿಡಿಯಗೊಟ್ಟಿಲ್ಲ ಎಂದುಕೊಂಡು ಮತ್ತೆ ತೊಳೆದು, ಮತ್ತೆ ಅಂಟು ಹಾಕಿ, ಮೊದಲಿಗಿಂತ ಬಿಗಿಯಾಗಿ ಕಟ್ಟಿದೆ. ಬಿಚ್ಚಿದ ದಿನ ಅದೇ ಹೊತ್ತಿಗೆ ಅದೇ ಸದ್ದು. ಸೀಳು ತೆರೆದದ್ದೂ ಅದೇ ಕಡೆಗೆ. ಒಳಗಿನಿಂದ ಯಾರೋ ಒಂದೇ ದಿಕ್ಕಿಗೆ ಎಳೆಯುತ್ತಿರುವಂತೆ ಇತ್ತು. ಆ ವಾಕ್ಯ ಮನಸ್ಸಿಗೆ ಬಂದದ್ದು ನನಗೆ ಹಿಡಿಸಲಿಲ್ಲ. ಶಾಫ್ಟನ್ನು ಟವೆಲ್ಲಿನಲ್ಲಿ ಸುತ್ತಿ ಕಪಾಟಿನ ಮೇಲಿಟ್ಟೆ.

ಉಳಿದ ದಾರಿ ಹೊಸ ಶಾಫ್ಟ್. ಒಣಗಿಸಿಟ್ಟ ಆ್ಯಶ್ ಪಟ್ಟಿಗಳಲ್ಲಿ ಗೆರೆ ನೇರವಾಗಿ ಓಡಿದ್ದನ್ನು ಆರಿಸಿದೆ. ಹಳೆಯದರ ದಪ್ಪವನ್ನು ಗೇಣುಗೇಣಿಗೂ ವರ್ನಿಯರಿನಿಂದ ಅಳೆದು, ಮರ ಹೆರೆಯುವ ರಂದಾ ಹಿಡಿದು ಇಳಿಸಿದೆ. ಲೇತಿಗೆ ಹಾಕಿ ತಿರುಗಿಸಿದರೆ ಬೇಗ ಆಗುತ್ತದೆ, ಆದರೆ ಮರದ ಗೆರೆ ಕೈಗೆ ತಿಳಿಯುವುದಿಲ್ಲ. ತೂಕ, ಉದ್ದ, ತುದಿಯ ಅಗಲ ಎಲ್ಲ ಹಳೆಯದರಂತೆಯೇ ಬಂತು. ಅವರದೇ ಬಟ್ಟಿಗೆ ತಿರುಪಿದೆ.

ಪರೀಕ್ಷೆಗೆ ಅವರು ಆಡುವ ಹಾಲಿಗೆ ಹೋದೆವು. ಅಂಗಡಿಗಳ ಕೆಳಗಿನ ನೆಲಮಾಳಿಗೆ. ಮಧ್ಯಾಹ್ನ ಯಾರೂ ಇರುವುದಿಲ್ಲ. ಒಂದೇ ಮೇಜಿನ ಮೇಲಿನ ದೀಪ ಹಚ್ಚಿದರು. ಉಳಿದ ಮೇಜುಗಳು ಬಟ್ಟೆ ಹೊದ್ದು ಕತ್ತಲಲ್ಲಿದ್ದವು. ನೀಲಿ ಚೆಂಡನ್ನು ಅದರ ಜಾಗದಲ್ಲಿಟ್ಟು, ದೂರದಿಂದ ಮೂಲೆಯ ಜೇಬಿಗೆ ಹೊಡೆದರು. ಚೆಂಡು ಜೇಬಿನ ಬಲ ತುಟಿಗೆ ತಾಗಿ ಹೊರಗೆ ಬಂತು. ಮತ್ತೆ ಹೊಡೆದರು. ಮತ್ತೆ ಬಲ ತುಟಿ. ಬಹಳ ಹೊತ್ತು ಹೊಡೆದರು. ಒಂದೂ ಎಡಕ್ಕೆ ತಪ್ಪಲಿಲ್ಲ.

ಟಿಪ್ ಬದಲಿಸಿದೆ. ತುದಿ ಇನ್ನಷ್ಟು ತೆಳ್ಳಗೆ ಮಾಡಿದೆ. ಕೊನೆಗೆ ಬೇರೆ ಪಟ್ಟಿಯಿಂದ ಎರಡನೆಯ ಶಾಫ್ಟನ್ನೇ ಮಾಡಿದೆ. ಚೆಂಡು ಹೋಗಿ ತಾಗಿದ್ದು ಅದೇ ಬಲ ತುಟಿಗೆ, ಬಹುಶಃ ಅದೇ ಚುಕ್ಕೆಗೆ.

ಹಿಂದೆ ಕೆಲಸ ಮಾಡಿದ ವಿಶ್ವವಿದ್ಯಾಲಯದ ಪ್ರಯೋಗಾಲಯದಿಂದ ನನಗೆ ಉಳಿದ ಅಭ್ಯಾಸ ಒಂದಿದೆ. ಎರಡು ಬೇರೆ ಉಪಕರಣಗಳು ಒಂದೇ ತಪ್ಪನ್ನು ತೋರಿಸಿದರೆ ತಪ್ಪು ಉಪಕರಣದಲ್ಲಿಲ್ಲ. "ಎರಡೂ ಬ್ಯಾರೆ ಬ್ಯಾರೆ ಮರ ಅವ," ಎಂದೆ. "ಎರಡೂ ಒಂದೇ ಕಡಿ ತಪ್ಪಂಗಿಲ್ರಿ. ನಿಮ್ಮ ನಿಂದ್ರೂದರಾಗ ಏನಾರೆ ಅದ ಏನು?"

ಅವರು ಮೇಜಿನ ಅಂಚಿಗೆ ಒರಗಿ ಬಹಳ ಹೊತ್ತು ಟಿಪ್ಪಿಗೆ ಹಚ್ಚುವ ಚಾಕ್ ತುಂಡನ್ನು ಬೆರಳಲ್ಲಿ ತಿರುಗಿಸಿದರು.

"ಇದರ ಜೋಡಿ ಒಂದು ಅದ ಮೇಡಂ," ಎಂದರು ಕೊನೆಗೆ. "ಕಮಲಾಪುರದಾಗ. ಒಂದೇ ಹಲಗಿಯಿಂದ ಎರಡು ಕ್ಯೂ ಮಾಡಿಸಿದ್ವಿ, ನಾನು ನನ್ನ ದೋಸ್ತ. ಕೇಸ್ ಸೈತ ಒಂದೇ ನಮೂನಿದು. ಅಂವ ಇಲ್ಲಿಂದ ಆಡಿ ಹೋಗ್ವಾಗ ರಸ್ತಾದಾಗ ಗಾಡಿ ಬಿದ್ದು ತೀರ್ಕೊಂಡ. ಭಾಳ ವರ್ಷ ಆತು. ಅದು ಅವರ ಅವ್ವನ ಹತ್ತರ ಅದ."

"ಅದರ ಶಾಫ್ಟ್ ಕೇಳೋಣೇನು?"

"ನೀವೇ ಕೇಳ್ರಿ. ಮಯ್ಯತ್ ದಿನ ಮಣ್ಣಿಗಿ ಹೋದಾಂವ ನಾ ಮತ್ತ ಆ ಮನಿಗಿ ಹೋಗಿಲ್ಲ."

ಯಾಕೆ ಎಂದು ನಾನು ಕೇಳಲಿಲ್ಲ. ಜನರ ಇಂಥ ಮಾತುಗಳ ಒಳಗೆ ಕೈಹಾಕುವುದು ನನಗೆ ಆಗುವುದಿಲ್ಲ.

ಒಂದು ಬೆಳಿಗ್ಗೆ ಅವರ ಕಾರಿನಲ್ಲಿ ಹೋದೆವು. ಕಮಲಾಪುರ ಹತ್ತಿರವಾಗುವಾಗ ಅವರು ಒಂದು ತಿರುವಿನಲ್ಲಿ ಕಾರಣವಿಲ್ಲದೆ ವೇಗ ಇಳಿಸಿ, ದಾಟಿದ ಮೇಲೆ ಮತ್ತೆ ಏರಿಸಿದರು. ಬಟ್ ನನ್ನ ತೊಡೆಯ ಮೇಲಿತ್ತು.

ಗೆಳೆಯನ ತಾಯಿ ಬಾಗಿಲಲ್ಲೇ ಇದ್ದರು. ಮಗಳು ಅಳಿಯ ಕೆಲಸಕ್ಕೆ ಹೋಗಿದ್ದರು. ತಾಯಿ ನನ್ನ ಕಡೆ ನೋಡಲೇ ಇಲ್ಲ, ನೋಡಿದ್ದು ನನ್ನ ಹಿಂದೆ ನಿಂತವರನ್ನು.

"ಬಂದ್ಯಾ? ಕಲಬುರಗಿಯಿಂದ ಇಲ್ಲಿಗಿ ಇಷ್ಟು ವರ್ಷ ಹಿಡೀತೇನೋ ಬರ್ಲಾಕ? ನಡ್ಕೋತ ಹೊಂಟಿದ್ದೇನು?"

"ತಪ್ಪಾತು ಖಾಲಾ."

"ಇಡೀ ಓಣ್ಯಾಗ ನನಗ ಚಿಗವ್ವ ಅನ್ನದೆ ಖಾಲಾ ಅನ್ನಾಂವ ಇಂವ ಒಬ್ಬನ," ಎಂದರು ನನಗೆ. "ಬಾ ಮಗಳ, ಒಳಗ ಬಾ. ಬಾಳಿಹಣ್ಣು ತಿನ್ನು."

ಕೆಂಪು ಬಾಳೆಹಣ್ಣಿನ ತಟ್ಟೆ ಮುಂದೆ ಬಂತು. ಕ್ಯೂ ಪಡಸಾಲೆಯ ಮೂಲೆಯಲ್ಲಿ ಎರಡೂ ತುಂಡು ಜೋಡಿಸಿಯೇ ಗೋಡೆಗೆ ಒರಗಿ ನಿಂತಿತ್ತು. ನಾನು ಬಂದ ಕಾರಣ ಹೇಳಿದೆ. "ನೋಡು" ಎಂದರು.

ಮೊದಲು ಕಂಡದ್ದು ತುದಿ. ಚರ್ಮದ ಟಿಪ್ಪಿನ ಮೇಲೆ ಹಸಿರು ಚಾಕ್ ಹೊಸದಾಗಿತ್ತು. ಬೆರಳಿಗೆ ಹತ್ತಿತು. ವರ್ಷಗಟ್ಟಲೆ ಯಾರೂ ಆಡದ ಕ್ಯೂವಿನ ಚಾಕ್ ಕಲ್ಲಾಗಿರಬೇಕು, ಕೆಳಗಿನ ಚರ್ಮ ಒಡೆದಿರಬೇಕು. ಇದು ನಿನ್ನೆ ಆಟ ಮುಗಿಸಿ ಇಟ್ಟ ಹಾಗಿತ್ತು.

"ಇದರಾಗ ಯಾರು ಆಡ್ತಾರ್ರಿ?"

"ಯಾರಾಡ್ತಾರ? ನಾ ದಿನಾ ಸಂಜಿಗಿ ಒರಸಿ ಚಾಕ್ ಹಚ್ತೀನಿ. ಅಂವ ಹಚ್ತಿದ್ದ. ಹಚ್ಚದೆ ಇಟ್ರ ಅಂವಗ ಸೇರ್ತಿದ್ದಿಲ್ಲ."

ನೆಲದ ಮೇಲೆ ಉರುಳಿಸಿದೆ. ನೇರವಾಗಿ ಹೋಯಿತು. ಇದೂ ಆಗಬಾರದ್ದು. ಈ ಬಿಸಿಲಿನ ಊರಲ್ಲಿ ಇಷ್ಟು ಕಾಲ ಗೋಡೆಗೆ ಒರಗಿನಿಂತ ಕ್ಯೂ ಬಿಲ್ಲಿನಂತೆ ಬಾಗಿರಬೇಕು. ತಾಯಿಯನ್ನು ದಿನವೂ ಹೇಗೆ ಒರೆಸುತ್ತೀರಿ ಎಂದು ಕೇಳಿದೆ. ತೋರಿಸಿದರು. ಎತ್ತಿ, ಒರೆಸಿ, ಹೇಗೆ ಬಂತೋ ಹಾಗೆ ಮತ್ತೆ ಇಡುತ್ತಾರೆ. ಪ್ರತಿದಿನ ಬೇರೆ ಮಗ್ಗುಲು ಗೋಡೆಗೆ ಬರುತ್ತದೆ. ಬಾಗಲು ಮರಕ್ಕೆ ಅವಕಾಶವೇ ಸಿಕ್ಕಿಲ್ಲ. ಕಾರಣ ಗೊತ್ತಾದ ಮೇಲೆ ಉಸಿರು ಹಗುರಾಯಿತು.

ಆಮೇಲೆ ಬಟ್ ನೋಡಿದೆ. ಕೈ ಹಿಡಿಯುವ ಜಾಗದಲ್ಲಿ ಪಾಲಿಶಿನ ಮೇಲೆ ಸಣ್ಣ ಸಣ್ಣ ಚುಕ್ಕೆಗಳ ಓರೆ ಸಾಲು. ಆ ಸಾಲು ನನಗೆ ಗೊತ್ತಿತ್ತು. ನನ್ನ ತೊಡೆಯ ಮೇಲೆ ಬಂದಿದ್ದ ಬಟ್ಟಿನಲ್ಲೂ ಅದೇ ಇತ್ತು, ಅದೇ ಎತ್ತರದಲ್ಲಿ, ಅದೇ ಓರೆಯಲ್ಲಿ. ಲೋಹದ ಉಂಗುರ ವರ್ಷಗಟ್ಟಲೆ ತಾಗಿ ಆಗುವ ಗುರುತು.

"ನಿಮ್ಮ ಮಗ ಉಂಗುರ ಹಾಕ್ತಿದ್ರೇನ್ರಿ?"

"ಉಂಗುರ? ಅಂವ ಕೈಗಿ ಒಂದು ದಾರ ಸೈತ ಕಟ್ಕೊಂಡಾಂವಲ್ಲ."

ನಾನು ಆಟಗಾರರ ಬಲಗೈ ನೋಡಿದೆ. ಕೆಂಪು ಕಲ್ಲಿನ ಬೆಳ್ಳಿಯ ಉಂಗುರ. ಅವರು ಆ ಕೈಯನ್ನು ಜೇಬಿಗೆ ಹಾಕಿಕೊಂಡರು. ಸತ್ತವನ ಕ್ಯೂ ಮೇಲೆ ಬದುಕಿದವನ ಉಂಗುರದ ಗುರುತು ಹೇಗೆ ಬಂತೆಂದು ಆ ಕ್ಷಣ ನನಗೆ ಹೊಳೆಯಲಿಲ್ಲ.

ಕೆಲಸದ ಕಡೆಗೆ ತಿರುಗಿದೆ. ಮೇಜಿಲ್ಲದ ಕಡೆ ಆಟಗಾರರು ಮಾಡುವ ಒಂದು ಅಭ್ಯಾಸವಿದೆ. ಗಾಜಿನ ಬಾಟಲಿಯನ್ನು ಅಡ್ಡ ಮಲಗಿಸಿ, ಕ್ಯೂ ತುದಿಯನ್ನು ಅದರ ಕೊರಳೊಳಗೆ ತೂರಿಸಿ ಹಿಂದಕ್ಕೆ ತೆಗೆಯುವುದು. ಗಾಜು ತಾಗಬಾರದು. ಬಾಟಲಿ ಕೇಳಿದೆ. ತಾಯಿ ಅಟ್ಟದಿಂದ ಮಗ ಬಳಸುತ್ತಿದ್ದದ್ದನ್ನೇ ಇಳಿಸಿ, ಒರೆಸಿ, ಊಟದ ಮೇಜಿನ ಮೇಲೆ ಮಡಿಸಿದ ಬಟ್ಟೆ ಹಾಸಿ ಮಲಗಿಸಿದರು. ಎಲ್ಲಿ ಇಡಬೇಕೆಂದು ಅವರಿಗೆ ಗೊತ್ತಿತ್ತು. ಚಹಾ ಮಾಡುತ್ತೇನೆಂದು ಒಳಗೆ ಹೋದರು.

ಆಟಗಾರರು ಮೂಲೆಯ ಕ್ಯೂ ಹಿಡಿದು ಬಾಗಿದರು. ತೂರಿಸಿದರು. ಟಿಣ್ ಎಂದಿತು. ಮತ್ತೆ ತೂರಿಸಿದರು. ಮತ್ತೆ ಟಿಣ್, ಕೊರಳಿನ ಬಲಗಡೆಗೇ. ನನ್ನ ಎರಡು ಹೊಸ ಶಾಫ್ಟುಗಳಂತೆ ಈ ಹಳೆಯದೂ ಬಲಕ್ಕೇ ತಪ್ಪುತ್ತಿತ್ತು.

ಅಡುಗೆಮನೆಯ ಸದ್ದು ನಿಂತಿತ್ತು. ತಾಯಿ ಚಹಾದ ಸೋಸಣಿಗೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು. ಅದರಿಂದ ಹನಿ ನೆಲಕ್ಕೆ ಬೀಳುತ್ತಿತ್ತು.

"ಅಂವ ಕಲೀವಾಗ ಮೊದಮೊದಲು ಹಿಂಗ ಸಪ್ಪಳ ಆಗ್ತಿತ್ತು," ಎಂದರು. "ಆಮ್ಯಾಲ ನಿಂತಿತ್ತು." ಆಟಗಾರರು ಏಳಲು ಹೋದರು. "ಏಳಬ್ಯಾಡ. ಹಂಗ ಇರು."

ತಾಯಿ ಮೇಜನ್ನು ಒಂದು ಸುತ್ತು ಬಂದರು. ಆಟಗಾರರ ಬೆನ್ನು, ತಲೆ, ಕಾಲು ನೋಡಿದರು.

"ಈ ತಲಿ ಎಡಕ್ಕ ವಾಲಿಸೂದು. ಈ ಹಿಮ್ಮಡ ಎತ್ತೂದು. ಇದು ನನ್ನ ಮಗ ನಿಂದ್ರೂದು. ನೀ ಹಿಂಗ ನಿಂದರ್ತಿದ್ದಿಲ್ಲ. ನೀ ಬ್ಯಾಂಕಿನ ಸಾಹೇಬನ ಹಂಗ ಸೆಟದು ನಿಂದರ್ತಿದ್ದಿ, ಅಂವ ಅದಕ್ಕ ನಗ್ತಿದ್ದ. ಇದು ಯಾವಾಗ ಕಲ್ತಿ?"

ಆಟಗಾರರು ಬಾಗಿದಲ್ಲೇ, ಮುಖ ಎತ್ತದೆ ಹೇಳಿದರು. "ಅದಲಿಬದಲಿ ಆಗಿತ್ತು ಖಾಲಾ. ಅವತ್ತು ಅಂವ ನನ್ನ ಕೇಸ್ ಒಯ್ದಿದ್ದ. ಇದು ನಂದು. ಅಂವಂದು ನನ್ನ ಹತ್ತರ ಉಳೀತು. ಮರುದಿನ ಮುಟ್ಟಿದ ಕೂಡ್ಲೆ ನನಗ ಗೊತ್ತಾತು. ಮಯ್ಯತ್ ಮನಿಗಿ ಬಂದು ನನ್ನ ಕೋಲು ಕೊಡ್ರಿ ಅಂತ ಹೆಂಗ ಕೇಳ್ಲಿ? ಆಮ್ಯಾಲ ಅದರಾಗ ಆಡಿದೆ. ಗೆದ್ದೆ. ಆಮ್ಯಾಲ ಕೊಡ್ಲಾಕ ಮನಸಾಗ್ಲಿಲ್ಲ. ಈಗ ಮುರದೀನಿ."

ನಮ್ಮ ಹಾಲುಗಳಲ್ಲಿ ಒಬ್ಬರ ಕ್ಯೂ ಇನ್ನೊಬ್ಬರು ಮುಟ್ಟುವುದಿಲ್ಲ. ದಾರಿಗೆ ಅಡ್ಡವಾಗಿದ್ದರೆ ಒಡೆಯನನ್ನು ಕರೆದು ತೆಗೆಸುತ್ತಾರೆ. ಇದು ಅವರಿಗೆ ಎಷ್ಟು ದೊಡ್ಡ ತಪ್ಪೆಂದು ನನಗೆ ಗೊತ್ತಿತ್ತು. ತಾಯಿಗೂ ಗೊತ್ತಿದ್ದಂತೆ ಕಂಡಿತು.

"ಹಂಗಾರ ನಾ ಇಷ್ಟು ವರ್ಷ ಒರಸಿದ್ದು ನಿಂದು," ಎಂದರು. ಸೋಸಣಿಗೆಯನ್ನು ಬಾಳೆಹಣ್ಣಿನ ತಟ್ಟೆಯ ಪಕ್ಕ ಇಟ್ಟರು. "ಆಗ್ಲಿ. ಅಂವಂದು ಮೂಲ್ಯಾಗ ನಿಂದ್ರಲಿಲ್ಲ. ಆಡ್ಯಾದ."

ಹಿಂದಿರುಗಿದ ಮಧ್ಯಾಹ್ನವೇ ಕಪಾಟಿನ ಮೇಲಿನ ಟವೆಲ್ ಬಿಚ್ಚಿದೆ. ಸೀಳಿದ ಶಾಫ್ಟನ್ನು ಯಾವ ಬಿಗಿತವೂ ಇಲ್ಲದೆ, ಅಂಟಿಲ್ಲದೆ, ಅದು ಹೇಗೆ ಮಲಗುತ್ತದೋ ಹಾಗೆ ಕಲ್ಲಿನ ಮೇಲೆ ಮಲಗಿಸಿದೆ. ನಡುವೆ ಬೆಳಕು ಕಂಡಿತು. ತುಂಬ ಸಣ್ಣ ಬಾಗು. ಗೆರೆ ನೋಡಿದರೆ ಅದು ಹಲಗೆಯ ಅಂಚಿನ ಕಡೆಯ ತುಂಡು. ಅಂಚಿನ ಮರ ಕಾಲಕ್ರಮೇಣ ಬಾಗುತ್ತದೆ. ಬಾಗಿದ ಕ್ಯೂವಿನಿಂದ ಚೆಂಡು ನೇರ ಹೋಗಬೇಕಾದರೆ ಮೈಯೇ ಹೊಂದಿಕೊಳ್ಳಬೇಕು. ಕಣ್ಣು ಎಡಕ್ಕೆ ಸರಿಯುತ್ತದೆ, ಅದರ ಹಿಂದೆ ತಲೆ, ಭುಜ, ಕೊನೆಗೆ ಹಿಮ್ಮಡಿ. ಮೊದಲು ಆ ಗೆಳೆಯ ಹಾಗೆ ಹೊಂದಿಕೊಂಡಿದ್ದ. ಅವನ ನಂತರ ಅದೇ ಮರ ಇವರನ್ನೂ ಅದೇ ಆಕಾರಕ್ಕೆ ತಂದಿತ್ತು. ಇವರಿಗೆ ಅದು ಗೊತ್ತೇ ಆಗಿರಲಿಲ್ಲ. ನಾನು ಎರಡು ಸಲ ನೇರ ಪಟ್ಟಿಗೆ ಕಟ್ಟಿ ಮುರಿಯಲು ನೋಡಿದ್ದು ಆ ಬಾಗನ್ನು. ಎರಡು ಸಲವೂ ಸೀಳು ತೆರೆದು ಮರ ತನ್ನ ಜಾಗಕ್ಕೆ ಹೋಗಿತ್ತು.

ಕ್ಯೂ ಕೆಲಸ ಮಾಡುವವರು ಮೊದಲು ಕಲಿಯುವುದು ನೇರ ಮಾಡುವುದನ್ನು. ಬೇಕೆಂದೇ ಸೊಟ್ಟ ಶಾಫ್ಟ್ ಮಾಡಿದ್ದು ಗೊತ್ತಾದರೆ ಈ ಊರಲ್ಲಿ ನನ್ನ ಕೆಲಸ ನಿಂತ ಹಾಗೆಯೇ. ಆದರೆ ಸೆಲೆಕ್ಷನ್ ಹತ್ತಿರ ಬಂದಿತ್ತು. ಆ ಮೈಯನ್ನು ಅಷ್ಟರಲ್ಲಿ ನೇರ ಮಾಡಲು ಆಗುತ್ತಿರಲಿಲ್ಲ. ಮರವನ್ನು ಬಗ್ಗಿಸಬಹುದಿತ್ತು. ಬಾಗಿದೆಯೆಂದು ತಿರಸ್ಕರಿಸಿ ಮೂಲೆಗೆ ಹಾಕಿದ್ದ ಒಂದು ಪಟ್ಟಿಯನ್ನು ಹೊರಗೆ ತೆಗೆದೆ.

ಅದರ ಗೆರೆ ಹೋದ ದಾರಿಯಲ್ಲೇ ರಂದಾ ಓಡಿಸಿದೆ. ಕಲ್ಲಿನ ಮೇಲೆ ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು, ನಡುವಿನ ಸಂದಿಯಲ್ಲಿ ಕಾಗದದ ಪಟ್ಟಿ ತೂರಿಸಿ ಹೋಲಿಸುತ್ತ ಹೋದೆ. ಬಾಗನ್ನು ಬೇಕಾದ್ದಕ್ಕಿಂತ ತುಸು ಕಡಿಮೆಯೇ ಬಿಟ್ಟೆ. ಬಿಸಿಗಾಳಿ ಊದುವ ಹೀಟ್ ಗನ್ನಿನಿಂದ ಕಾಯಿಸಿ ಮೊಣಕಾಲಿನ ಮೇಲೆ ಬಗ್ಗಿಸಿದರೆ ಬಾಗು ಹೆಚ್ಚುತ್ತದೆ. ಹೆಚ್ಚಾದದ್ದನ್ನು ಹಿಂದಕ್ಕೆ ತರುವಾಗ ಮರ ಸೀಳುವ ಭಯ ಇರುತ್ತದೆ.

ಕೊನೆಯ ಹೊಂದಿಕೆಗೆ ಮತ್ತೆ ಕಮಲಾಪುರಕ್ಕೆ ಹೋದೆವು. "ಖಾಲಾ ತಾವೂ ನೋಡ್ತೀನಿ ಅಂದಾರ," ಎಂದರು ಆಟಗಾರರು. ಇಬ್ಬರೂ ನಿಂತದ್ದನ್ನು ಕಂಡವರು ಅವರೊಬ್ಬರೇ ಎಂದು ನಾನೂ ಒಪ್ಪಿದೆ.

ಮಟಮಟ ಮಧ್ಯಾಹ್ನ. ಕಿಟಕಿಯಿಂದ ಬಿಸಿಗಾಳಿ ಬರುತ್ತಿತ್ತು. ಮೇಜು, ಮಡಿಸಿದ ಬಟ್ಟೆ, ಬಾಟಲಿ. ತಾಯಿ ಹೊಸ್ತಿಲಲ್ಲಿ ಕೂತರು. ಮೊದಲ ಸಲ ಗಾಜು ತಾಗಿತು. ಕಾಯಿಸಿ, ತುಸು ಬಗ್ಗಿಸಿ, ಆರಲು ಬಿಟ್ಟು ಕೊಟ್ಟೆ. ಈಗ ಸದ್ದು ಸಣ್ಣದಾಗಿತ್ತು. ಮತ್ತೊಮ್ಮೆ ಬಗ್ಗಿಸಿದೆ. ಕ್ಯೂ ಬಾಟಲಿಯ ಕೊರಳೊಳಗೆ ಹೋಗಿ ಬಂತು, ಹೋಗಿ ಬಂತು. ಸದ್ದಿರಲಿಲ್ಲ.

"ಆತ್ರಿ," ಎಂದು ಗನ್ ಕೆಳಗಿಟ್ಟೆ.

"ತಲಿ ಇನ್ನೊಂದೀಟು ಎಡಕ್ಕ ಇರ್ತಿತ್ತು," ಎಂದರು ತಾಯಿ. ಸಾರಿಗೆ ಉಪ್ಪು ಕಡಿಮೆ ಎಂದು ಹೇಳುವ ಧ್ವನಿ.

ನಾನು ಆಟಗಾರರನ್ನು ನೋಡಿದೆ. "ಖಾಲಾ ಅಂದ್ರ ಮಾಡ್ರಿ," ಎಂದರು.

ಅಲ್ಲಿ ನಿಲ್ಲಿಸಬೇಕಿತ್ತು. ಗಾಜು ಸುಮ್ಮನಾದ ಮೇಲೆ ನಾವು ಅಳೆಯುತ್ತಿದ್ದದ್ದು ಕ್ಯೂ ಅನ್ನಲ್ಲ. ಆದರೂ ಕಾಯಿಸಿದೆ. ಈಗ ಬಾಗು ಹೆಚ್ಚಾಗಿದೆ, ಗಾಜು ಎಡಕ್ಕೆ ತಾಗಲೇಬೇಕು ಎಂದು ಲೆಕ್ಕ ಹಾಕಿದ್ದೆ. ತಾಗಲಿಲ್ಲ. ಅವರ ತಲೆ ಯಾರೂ ಹೇಳದೆ ಇನ್ನಷ್ಟು ಎಡಕ್ಕೆ ಸರಿದಿತ್ತು, ಹಿಮ್ಮಡಿ ಮೇಲೆದ್ದಿತ್ತು.

"ಮತ್ತೊಂದೀಟು," ಎಂದರು ತಾಯಿ.

ಮತ್ತೆ ಬಗ್ಗಿಸಿಕೊಟ್ಟೆ. ಅವರು ಬಾಗಿದರು. ಹಿಂದಿನಿಂದ ನೋಡಿದರೆ ಆ ಬೆನ್ನು ನನಗೆ ಗುರುತಿನದಾಗಿರಲಿಲ್ಲ. ಭುಜ ಸಣ್ಣದಾಗಿ, ವಯಸ್ಸು ಕಡಿಮೆಯಾಗಿ ಕಂಡಿತು. ತುದಿ ಗಾಜಿನೊಳಗೆ ಸದ್ದಿಲ್ಲದೆ ಓಡಾಡುತ್ತಿತ್ತು. ಉಸಿರಿನ ಲಯವೂ ಬದಲಾಗಿತ್ತು.

"ಬೆನ್ನು ನೋವಾಗ್ತದೇನ್ರಿ?" ಎಂದೆ. ಮತ್ತೊಮ್ಮೆ ಕೇಳಿದೆ. ಅವರಿಗೆ ಕೇಳಿಸಿದಂತಿರಲಿಲ್ಲ.

ಆಮೇಲೆ ತಲೆಯೆತ್ತದೆ, ಆಡುವುದನ್ನು ನಿಲ್ಲಿಸದೆ ಅವರು ಹೇಳಿದರು. "ಯವ್ವಾ, ನೀರ ತಾ."

ಧ್ವನಿ ಅವರದೇ. ಆದರೆ ಆ ಮನೆಯಲ್ಲಿ ಅವರು ಆ ತಾಯಿಯನ್ನು ಖಾಲಾ ಎಂದಲ್ಲದೆ ಬೇರೆ ಕರೆದದ್ದನ್ನು ನಾನು ಕೇಳಿರಲಿಲ್ಲ. ತಾಯಿ ಎದ್ದಿದ್ದರು. ಕೊಡದಿಂದ ತಂಬಿಗೆ ತುಂಬಿ, ಮೇಜಿನವರೆಗೆ ಬಂದು, ಕೈ ಚಾಚಿದ ಮೇಲೆ ಏನು ಮಾಡುತ್ತಿದ್ದೇನೆಂದು ತಿಳಿದವರಂತೆ ನಿಂತುಬಿಟ್ಟರು. ನೀರು ತುಳುಕಿ ಬಟ್ಟೆಯ ಮೇಲೆ ಬಿತ್ತು. ಅವರ ಮುಖದಲ್ಲಿ ಬಂದ ಆಸೆಯನ್ನು ನಾನು ನೋಡಬಾರದಿತ್ತು. ಅದು ಮೆಲ್ಲಗೆ ಇಳಿದು ಹೋಯಿತು.

"ಸಾಕು ಬಿಡು ಮಗಳ," ಎಂದರು. "ಇನ್ನ ಬಗ್ಗಿಸಿದ್ರ ಅಂವ ಬರ್ತಾನ."

ತಂಬಿಗೆ ಇಟ್ಟು ಆಟಗಾರರ ಬೆನ್ನ ಮೇಲೆ ಅಂಗೈಯಿಟ್ಟರು. ಅವರದೇ ಹೆಸರು ಹಿಡಿದು ಕರೆದರು, ಎರಡು ಸಲ. "ಏಳು. ನಿನ್ನ ಮಕ್ಕಳು ಮನ್ಯಾಗ ದಾರಿ ನೋಡ್ತಿರ್ತಾವ."

ಅವರು ಎದ್ದು ಕಣ್ಣುಜ್ಜಿಕೊಂಡರು. "ಏನಾತು ಖಾಲಾ? ಯಾಕ ಇಬ್ಬರೂ ಹಿಂಗ ನೋಡ್ಲಾಕತ್ತೀರಿ?"

"ಏನಿಲ್ಲ. ನೀರ ಕುಡಿ."

ವರ್ಷಗಟ್ಟಲೆ ಆ ಮೇಜಿನ ಬಳಿ ಗೆಳೆಯ ಆಡುತ್ತಿದ್ದ ಮಾತು ಅವರ ನಾಲಿಗೆಯಲ್ಲಿ ಉಳಿದಿರಬಹುದು. ಮೈ ಆ ಆಕಾರಕ್ಕೆ ಬಂದಾಗ ಅದೂ ಬಂದಿರಬಹುದು. ನಾನು ಹಾಗೆಂದುಕೊಂಡಿದ್ದೇನೆ. ಅವತ್ತು ವಿವರಣೆಗೆ ಕಾಯಲಿಲ್ಲ. ಕ್ಯೂ ತೆಗೆದುಕೊಂಡು ಶಾಫ್ಟ್ ಬಿಚ್ಚಿದೆ. ಅದನ್ನು ಹಿಂದಕ್ಕೆ ತರುವುದೆಂದು ನಿರ್ಧರಿಸಿದ್ದೆ, ಗಾಜು ಮೊದಲ ಸಲ ಸುಮ್ಮನಾದ ಹಂತದವರೆಗೆ, ಅದಕ್ಕಿಂತ ಒಂದಿಷ್ಟೂ ಮುಂದೆ ಇಲ್ಲ. ಸೀಳಿದರೆ ಅವರಿಗೆ ಕ್ಯೂ ಇಲ್ಲ, ಸೆಲೆಕ್ಷನ್ ಇಲ್ಲ. ಇಬ್ಬರಿಗೂ ಹೇಳಿದೆ. ಆಟಗಾರರು ತಾಯಿಯ ಮುಖ ನೋಡಿದರು. ತಾಯಿ ತಲೆಯಾಡಿಸಿದರು.

ಒದ್ದೆ ಬಟ್ಟೆ ಸುತ್ತಿ, ಗನ್ ದೂರ ಹಿಡಿದು, ಬಹಳ ನಿಧಾನವಾಗಿ ಕಾಯಿಸಿದೆ. ಮರ ಒಮ್ಮೆ ಚಿಟ್ ಎಂದಿತು. ಗೆರೆ ಗೆರೆಯನ್ನೂ ಬೆಳಕಿಗೆ ಹಿಡಿದು ನೋಡಿದೆ. ಸೀಳಿರಲಿಲ್ಲ. ಆರಿದ ಮೇಲೆ ಅವರ ಕೈಗೆ ಕೊಟ್ಟೆ. ಗಾಜು ತಾಗಲಿಲ್ಲ. ತಲೆ ಎಡಕ್ಕಿತ್ತು, ಆದರೆ ಅದು ಅವರ ತಲೆಯೇ ಆಗಿತ್ತು. ಅಲ್ಲೇ ಅಗಸೆ ಎಣ್ಣೆ ಹಚ್ಚಿ ಮುಗಿಸಿದೆ. ಮೂಲೆಯ ನೇರ ಕ್ಯೂ ಅನ್ನು ತಾಯಿ ಮುಂದೆ ಚಾಚಿದರು. "ನಿಂದು ಒಯ್ಯಿ." ಆಟಗಾರರು ಒಯ್ಯಲಿಲ್ಲ. ಸೀಳಿದ ಶಾಫ್ಟನ್ನು ನಾನು ಟವೆಲ್ ಸಮೇತ ತಾಯಿಗೆ ಕೊಟ್ಟೆ. ಅವರು ಅದನ್ನು ಬಿಚ್ಚದೆ ಕಪಾಟಿನಲ್ಲಿಟ್ಟರು.

ಬೆಂಗಳೂರಿಗೆ ನಾನು ಹೋಗಲಿಲ್ಲ. ಫಲಿತಾಂಶವನ್ನು ಬೇರೆಯವರಿಂದ ಕೇಳಿದೆ. ತಂಡದ ಕೊನೆಯ ಜಾಗ ಅವರಿಗೆ ಸಿಕ್ಕಿತ್ತು. ಕೊನೆಯ ಫ್ರೇಮಿನ ಸೋಲುಗೆಲುವು ಮೇಜಿನ ಮೇಲುಳಿದ ಕರಿ ಚೆಂಡೊಂದಕ್ಕೇ ನಿಂತಿತ್ತಂತೆ.

ಮುಂದಿನ ವಾರ ಅವರು ಟಿಪ್ ಬದಲಿಸಲು ಬಂದರು. ಕ್ಯೂ ಅನ್ನು ತಾವಾಗಿಯೇ ನನ್ನ ಕೈಗೆ ಕೊಟ್ಟರು. ನಾನು ಹಳೆಯ ಚರ್ಮ ಕೆರೆಯುತ್ತಿರುವಾಗ ಒಂದೊಂದೇ ಹೊಡೆತವನ್ನು ವಿವರಿಸಿದರು. ಯಾವ ಕೆಂಪು ಎಲ್ಲಿತ್ತು, ಬಿಳಿ ಎಲ್ಲಿ ನಿಂತಿತು, ಎದುರಿನ ಹುಡುಗ ಎಲ್ಲಿ ಅವಸರ ಮಾಡಿದ. ಒಳ್ಳೆಯ ಆಟಗಾರರಿಗೆ ಎಲ್ಲವೂ ನೆನಪಿರುತ್ತದೆ.

"ಕರಿ ಹೆಂಗ ಹೊಡದ್ರಿ?" ಎಂದೆ.

"ಅದೊಂದು ನೆನಪಿಲ್ಲ ಮೇಡಂ. ಬಗ್ಗಿದ್ದು ನೆನಪದ. ಎದ್ದಾಗ ಜನ ಚಪ್ಪಾಳಿ ಹೊಡೀಲಾಕತ್ತಿದ್ರು."

ನಾನು ಟಿಪ್ಪಿನ ಅಂಚು ಸವರುವುದನ್ನು ನಿಲ್ಲಿಸಲಿಲ್ಲ. "ಕಮಲಾಪುರಕ್ಕ ಹೇಳಿದ್ರೇನು?"

"ಸೀದಾ ಅಲ್ಲಿಗೇ ಹೋಗಿದ್ದೆ. ಖಾಲಾ ಎಲ್ಲಾ ಕೇಳಿದ್ರು. ಆ ಕರಿ ಹೊಡೀವಾಗ ತಲಿ ಎಲ್ಲಿತ್ತು ಅಂದ್ರು. ಗೊತ್ತಿಲ್ಲ ಖಾಲಾ ಅಂದೆ."

"ಏನಂದ್ರು?"

"ನಕ್ಕರು. ಹಂಗಾರ ಎಡಕ್ಕ ಇತ್ತು ಅಂದ್ರು."